ಭಟ್ಟಿಯ ಮಸಿ ಜರ್ಮನಿ ಕಂಡದ್ದು

ಉಪ್ಪಲ್

ವಿದೇಶಕ್ಕೆ ಹೊರಟವರಿಗೆ ಜನ ಹಾರ ತರುತ್ತಾರೆ, ಉಪ್ಪಿನಕಾಯಿ ಕಟ್ಟಿಕೊಡುತ್ತಾರೆ. ನಮ್ಮ ಚೆನ್ನಬಸಪ್ಪ ಕಾಕಾ ತಂದುಕೊಟ್ಟದ್ದು ಒಂದು ಗಾಜಿನ ಶೀಶೆ ತುಂಬ ಮಸಿ. ತಮ್ಮ ಚುರಮುರಿ ಭಟ್ಟಿಯ ಚಿಮಣಿಯೊಳಗೆ ತಾವೇ ಕೈ ಹಾಕಿ ಕೆರೆದದ್ದು.

“ತಗೋ ತಂಗಿ, ಅಸಲಿ ಹೊಟ್ಟಿನ ಮಸಿ. ಬ್ಯಾರೆ ಒಂದು ಕಡ್ಡಿ ಕಲಬೆರಕಿ ಇಲ್ಲ,” ಎಂದರು, ತುಪ್ಪ ಮಾರುವವರ ದನಿಯಲ್ಲಿ.

“ಒಂದು ಕಡ್ಡಿನೂ ಇಲ್ಲೇನ್ರಿ?”

“ದೇವರಾಣಿ.”

ಕಾಕಾಗೆ ಈ ತೆಲುಗು ಊರಿನ ಹಳೇ ಪೇಟೆ ಬೇಗಂ ಬಜಾರಿನಲ್ಲಿ ಚುರಮುರಿ-ಪುಟಾಣಿಯ ಅಂಗಡಿ, ಊರಂಚಿನ ಉಪ್ಪಲ್ ಆಚೆಗೆ ಭಟ್ಟಿ. ಭತ್ತದ ಹೊಟ್ಟು ಉರಿಸಿ, ಮರಳು ಕಾಯಿಸಿ, ಅಕ್ಕಿ ಅರಳಿಸುವುದು ನಮ್ಮ ಮನೆತನ ಬೀದರ್ ಕಡೆಯಿಂದ ಹೊತ್ತು ತಂದ ಕಸುಬು. ಭಟ್ಟಿ ಹಾಕಿದಾಗ ಸುತ್ತ ಬರೀ ಜಾಲಿಕಂಟಿ. ಈಗ ಎದುರಿಗೆ ಅಪಾರ್ಟ್‌ಮೆಂಟು. ಅಲ್ಲಿನವರು ಮೊದಲು ಮನೆ ಕೊಂಡರು, ಆಮೇಲೆ ಭಟ್ಟಿಯನ್ನು ಕಂಡುಹಿಡಿದರು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆ ಕಪ್ಪಾಗುತ್ತದೆ, ಭಟ್ಟಿ ಮುಚ್ಚಬೇಕು ಎನ್ನುವುದು ಅವರ ಸಂಘದ ಕಾರ್ಯದರ್ಶಿ ಮೂರ್ತಿಗಾರು ಅವರ ಪಟ್ಟು. ಬಟ್ಟೆ ಕಪ್ಪಾಗುವುದು ಹೆದ್ದಾರಿಯ ಬಸ್ಸಿನಿಂದ ಎನ್ನುವುದು ಕಾಕಾನ ಪಟ್ಟು. ಬಸ್ಸು ಮತ್ತು ಭಟ್ಟಿಯ ನಡುವೆ ಸಿಕ್ಕವಳು ನಾನು. ಮಸಿಯ ಕಣಗಳ ಒಳರಚನೆ ನೋಡಿ ಅದು ಯಾವ ಬೆಂಕಿಯಲ್ಲಿ ಹುಟ್ಟಿತೆಂದು ಹೇಳುವ ವಿದ್ಯೆಯಲ್ಲಿ ನಾನು ಸಂಶೋಧನೆ ಮಾಡುತ್ತಿರುವವಳು. ಆ ಅಪಾರ್ಟ್‌ಮೆಂಟಿನ ಮಾಳಿಗೆಯ ಮೇಲೆ ಮಸಿ ಹಿಡಿಯುವ ಉಪಕರಣ ಇಟ್ಟದ್ದೂ ನಮ್ಮ ಸಂಸ್ಥೆಯೇ.

ಮೂರ್ತಿಗಾರು ಸಭೆಯಲ್ಲಿ ಘೋಷಿಸಿಬಿಟ್ಟಿದ್ದರು: ಜರ್ಮನಿಯ ಯಂತ್ರ ‘ಭಟ್ಟಿ’ ಎಂದರೆ ಭಟ್ಟಿ ಮುಚ್ಚಿಸುತ್ತೇನೆ, ‘ಬಸ್ಸು’ ಎಂದರೆ ನಾನು ಬಾಯಿ ಮುಚ್ಚುತ್ತೇನೆ. ಕಾಕಾ ಒಪ್ಪಿದರು. ಯಂತ್ರದ ಮೇಲೆ ಇಬ್ಬರಿಗೂ ಇದ್ದ ಭಕ್ತಿ ಒಂದೇ ತೂಕದ್ದು. ನನಗೆ ಯಂತ್ರ ಗೊತ್ತಿತ್ತು. ಹಾಗಾಗಿ ಭಕ್ತಿ ಇರಲಿಲ್ಲ.

ಆ ಯಂತ್ರ ಒಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಅಂಥದ್ದು ನಮ್ಮ ಸಂಸ್ಥೆಯಲ್ಲೂ ಒಂದಿದೆ. ಅದು ರಿಪೇರಿಯಲ್ಲಿದೆ. ನಾನು ಸೇರಿದಾಗಲೂ ರಿಪೇರಿಯಲ್ಲೇ ಇತ್ತು. ಆದ್ದರಿಂದ ಜರ್ಮನಿ.

ವಿಮಾನ ನಿಲ್ದಾಣ

ನನ್ನ ಬಳಿ ಮೂರು ಮಸಿಗಳಿದ್ದವು. ಕಾಕಾನ ಶೀಶೆ ಒಂದು. ಮೆಹದಿಪಟ್ಟಣಂ ಡಿಪೋದಲ್ಲಿ ಹಳೇ ಬಸ್ಸಿನ ಹೊಗೆಕೊಳವೆ ಒರೆಸಿ ತಂದದ್ದು ಇನ್ನೊಂದು. ಅದನ್ನು ಒರೆಸುತ್ತಿದ್ದಾಗ ಕಂಡಕ್ಟರು, “ಅಮ್ಮಾ, ಬಸ್ಸಂತಾ ತುಡವಂಡಿ, ಪುಣ್ಯಂ ಉಂಟುಂದಿ,” ಎಂದಿದ್ದ. ಬಸ್ಸನ್ನೆಲ್ಲ ಒರೆಸಿದರೆ ಪುಣ್ಯವಂತೆ. ಮೂರನೆಯದು ಮಾಳಿಗೆಯ ಮೇಲೆ ಹಿಡಿದ, ತಂದೆ ಯಾರೆಂದು ತಿಳಿಯದ ಮಸಿ. ಅದು ಈ ಎರಡರಲ್ಲಿ ಯಾರನ್ನು ಹೋಲುತ್ತದೆ ಎನ್ನುವುದೇ ಪ್ರಶ್ನೆ.

ಫ್ರಾಂಕ್‌ಫರ್ಟಿನಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಚೀಲ ತೆರೆಸಿದ. ಶೀಶೆಗಳು ಒಡೆಯದಿರಲೆಂದು ಅವ್ವ ಅವುಗಳನ್ನು ಚುರಮುರಿಯ ಚೀಲದೊಳಗೆ ಹುಗಿದಿಟ್ಟಿದ್ದಳು. ಆತ ಕಪ್ಪು ಪುಡಿ ನೋಡಿದ, ಸಂಸ್ಥೆಯ ಪತ್ರ ನೋಡಿದ, ಸರಿ ಎಂದ. ಆಮೇಲೆ ಚುರಮುರಿಯನ್ನು ಕಸದ ಡಬ್ಬಿಗೆ ಸುರಿಯಲು ಹೊರಟ.

“ಅದು ತಿನ್ನುವುದು!” ಎಂದು ಕೂಗಿದೆ.

ಆತ ಒಂದು ಕಾಳನ್ನು ಎರಡು ಬೆರಳಲ್ಲಿ ಹಿಡಿದು ಹಿಚುಕಿದ. ಅವರಲ್ಲಿ ಪಾರ್ಸೆಲ್ಲಿನೊಳಗೆ ಸಾಮಾನು ಅಲುಗದಂತೆ ತುಂಬುವ ಹಗುರಾದ ಕಾಳುಗಳಿರುತ್ತವಂತೆ, ಹೆಚ್ಚುಕಡಿಮೆ ಹೀಗೇ. ನಂಬಲಿಲ್ಲ. ನಾನು ಅವನೆದುರಿಗೆ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ಅಗಿಯಬೇಕಾಯಿತು. ಮಸಿಗೆ ಸಲೀಸಾಗಿ ಪ್ರವೇಶ, ಚುರಮುರಿಗೆ ವಿಚಾರಣೆ. ಯುರೋಪಿನ ವಿವೇಕದ ಬಗ್ಗೆ ನನಗೆ ಸಿಕ್ಕ ಮೊದಲ ಪಾಠ ಇದು.

ಕಿಟಕಿ ತೆರೆಯುವ ಊರು

ನಾನು ಉಳಿದದ್ದು ಬೆಟ್ಟದ ಬುಡದ ಒಂದು ಸಣ್ಣ ವಿಶ್ವವಿದ್ಯಾಲಯದ ಊರಿನಲ್ಲಿ, ಚಳಿಗಾಲದ ಬಾಯಲ್ಲಿ. ಮನೆಯೊಡತಿ ವಯಸ್ಸಾದ ಹೆಂಗಸು. ಮುಂಜಾನೆ ಬಾಗಿಲು ಬಡಿದು ಒಳಬಂದು ಎಲ್ಲ ಕಿಟಕಿಗಳನ್ನೂ ಹಾರುಹೊಡೆಯುತ್ತಿದ್ದಳು. ಹೊರಗೆ ನೀರು ಹೆಪ್ಪುಗಟ್ಟುವ ಚಳಿ.

“ಗಾಳಿ ಬದಲಾಗಬೇಕು,” ಎನ್ನುವುದು ಅವಳ ಸಿದ್ಧಾಂತ. “ಒಳಗಿನ ಗಾಳಿ ಹಳಸಿರುತ್ತದೆ.”

ಹೊರಗಿನ ತಾಜಾ ಗಾಳಿ ಒಳಬರುತ್ತಿತ್ತು, ಜೊತೆಗೆ ಊರಿನ ಪ್ರತಿಯೊಂದು ಚಿಮಣಿಯ ಕಟ್ಟಿಗೆಯ ಹೊಗೆಯೂ. ಉಪ್ಪಲ್‌ನಲ್ಲಿ ಈ ವಾಸನೆಗೆ ದೂರು ಕೊಡುತ್ತಾರೆ. ಇಲ್ಲಿ ಕಣ್ಣು ಮುಚ್ಚಿ, ಮೂಗರಳಿಸಿ, “ಆಹಾ, ಚಳಿಗಾಲ!” ಎನ್ನುತ್ತಾರೆ.

ಒಂದು ದಿನ ಬೀದಿಯಲ್ಲಿ ಚಿಮಣಿ ಒರೆಸುವವನೊಬ್ಬ ಎದುರಾದ. ಕಪ್ಪು ಅಂಗಿ, ಕಪ್ಪು ಎತ್ತರದ ಟೋಪಿ, ಹೆಗಲ ಮೇಲೆ ಕುಂಚ. ಅವನನ್ನು ಮುಟ್ಟಿದರೆ ಅದೃಷ್ಟ ಖುಲಾಯಿಸುತ್ತದಂತೆ! ಕೋಟು ತೊಟ್ಟ ಗಂಭೀರ ಹೆಂಗಸೊಬ್ಬಳು ಓಡಿಬಂದು ಅವನ ತೋಳು ಸವರಿ, ಬೆರಳಿಗೆ ಹತ್ತಿದ ಮಸಿ ನೋಡಿಕೊಂಡು ನಕ್ಕಳು. ನಮ್ಮಲ್ಲಿ ಮಾನ ಹೋದವನ ಮುಖಕ್ಕೆ ಬಳಿಯುವುದನ್ನು ಇವರು ಕೇಳಿ ಪಡೆಯುತ್ತಾರೆ. ಮೂಢನಂಬಿಕೆ ಪೂರ್ವದ್ದೆಂದು ಬರೆಯುವವರೆಲ್ಲ ಒಮ್ಮೆ ಬಂದು ನೋಡಬೇಕು.

ನೆಲಮಾಳಿಗೆ

ಸೂಕ್ಷ್ಮದರ್ಶಕ ಇದ್ದದ್ದು ನೆಲಮಾಳಿಗೆಯಲ್ಲಿ. ಬೀದಿಯಲ್ಲಿ ಟ್ರಾಮ್ ಹೋದರೆ ಚಿತ್ರ ನಡುಗುತ್ತದೆ. ಬಾಗಿಲು ಜೋರಾಗಿ ಹಾಕಿದರೂ ನಡುಗುತ್ತದೆ. ಮಾತಾಡಿದರೂ ನಡುಗುತ್ತದೆ.

“ಚಿತ್ರ ತೆಗೆಯುವಾಗ ಮಾತು ನಿಷಿದ್ಧ,” ಎಂದು ಪಿಸುಗುಟ್ಟಿದ ಯೋನಾಸ್. ನನ್ನನ್ನು ಕರೆಸಿಕೊಂಡ ಪ್ರೊಫೆಸರರ ಶಿಷ್ಯ, ಯಂತ್ರ ನಡೆಸುವವನು, ಬೆಕ್ಕಿನಂತೆ ನಡೆಯುವ ಹುಡುಗ. ಕಾಲೇಜಿಡೀ ಚರ್ಚಾಸ್ಪರ್ಧೆಗಳಲ್ಲಿ ಕಳೆದವಳನ್ನು ಕರೆತಂದು ಇಂಥ ಕೋಣೆಯಲ್ಲಿ ಕೂರಿಸಿದ್ದರು. ಜಗಳವಾಡಬೇಕೆಂದರೆ ಪ್ರತಿಸಲ ಇಬ್ಬರೂ ಎದ್ದು ಕಾರಿಡಾರಿಗೆ ಹೋಗಬೇಕು.

ಕೆಲಸ ಹೀಗೆ. ಮಸಿಯ ಒಂದು ಕಣವನ್ನು ಲಕ್ಷಗಟ್ಟಲೆ ಪಟ್ಟು ದೊಡ್ಡದು ಮಾಡಿದರೆ ಅದು ಈರುಳ್ಳಿಯಂತೆ ಕಾಣುತ್ತದೆ, ಪದರದ ಮೇಲೆ ಪದರ ಇಂಗಾಲ. ಚಿತ್ರದಲ್ಲಿ ಆ ಪದರಗಳು ಗೆರೆಗಳಾಗಿ ಮೂಡುತ್ತವೆ. ಡೀಸೆಲಿನ ಗೆರೆ ಉದ್ದ, ನೇರ; ಹೊಟ್ಟು-ಕಟ್ಟಿಗೆಯ ಗೆರೆ ಗಿಡ್ಡ, ಸೊಟ್ಟ. ಇದು ಈ ಪ್ರಯೋಗಾಲಯದ ನಂಬಿಕೆ. ಕಂಪ್ಯೂಟರು ಚಿತ್ರವನ್ನು ತೊಳೆದು, ಬೆಳ್ಳಗೆ ಕಪ್ಪಗೆ ಮಾಡಿ, ಗೆರೆಗಳನ್ನು ಎಳೆಯಷ್ಟು ತೆಳುವಾಗಿಸಿ, ಒಂದೊಂದರ ಉದ್ದ ಅಳೆದು ತೀರ್ಪು ಹೇಳುತ್ತದೆ. ಮನುಷ್ಯ ಮಾಡುವುದು ಒಂದೇ: ಚಿತ್ರದ ಯಾವ ಚೌಕ ಅಳೆಯಬೇಕೆಂದು ಆರಿಸುವುದು.

“ಹ್ಯಾಗೆ ಆರಿಸುತ್ತೀಯ?” ಎಂದು ಕೇಳಿದೆ, ಕಾರಿಡಾರಿನಲ್ಲಿ.

“ಚೆನ್ನಾಗಿ ಕಾಣುವುದನ್ನು.”

“ಚೆನ್ನಾಗಿ ಅಂದರೆ?”

“ನೋಡಿದರೆ ಗೊತ್ತಾಗುತ್ತದೆ.”

ಹುಡುಗಿ ನೋಡಲು ಹೋದ ನಮ್ಮ ಸೋದರತ್ತೆಯೂ ಇದನ್ನೇ ಹೇಳುತ್ತಾಳೆ. ಅವಳು ಅದನ್ನು ವಿಜ್ಞಾನ ಎನ್ನುವುದಿಲ್ಲ, ಅಷ್ಟೇ.

ವಾರದ ಕೊನೆಗೆ ತೀರ್ಪು ಬಂತು. ಬಸ್ಸಿನ ಮಸಿಯ ಗೆರೆ ಉದ್ದ. ಕಾಕಾನ ಮಸಿಯ ಗೆರೆ ಗಿಡ್ಡ. ಮಾಳಿಗೆಯ ಮಸಿಯದೂ ಗಿಡ್ಡ. ಅಂದರೆ ಮೂರ್ತಿಗಾರು ಗೆದ್ದರು, ಭಟ್ಟಿ ಸೋತಿತು. ಅಲ್ಲಿ ಮರಳಿನಲ್ಲಿ ಅಕ್ಕಿ ಹುರಿದು ಬದುಕುವ ಕೆಲಸಗಾರರ ಮನೆಗಳೂ ಸೋತವು. ಪ್ರೊಫೆಸರು ನನ್ನ ಕೈ ಕುಲುಕಿ, “ಬಹಳ ಸ್ಪಷ್ಟ ಫಲಿತಾಂಶ,” ಎಂದರು. ಅಷ್ಟು ಸ್ಪಷ್ಟವಾದದ್ದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕಾಕಾನ ಮೇಲಿನ ಮಮತೆಯೂ ಇದರಲ್ಲಿ ಸೇರಿತ್ತೆಂದು ಯಾರಾದರೂ ಅಂದರೆ ನಾನು ಅಲ್ಲಗಳೆಯುವುದಿಲ್ಲ. ಮಮತೆ ಇರುವವರಿಗೂ ಪ್ರಶ್ನೆ ಕೇಳುವ ಹಕ್ಕಿದೆ.

ಪ್ರೊಫೆಸರರ ಮನೆಯ ಒಲೆ

ಫಲಿತಾಂಶದ ಸಂತೋಷಕ್ಕೆ ಪ್ರೊಫೆಸರು ಊಟಕ್ಕೆ ಕರೆದರು. ಒಳ್ಳೆಯ ಮನುಷ್ಯ. ‘ಸರ್’ ಎಂದರೆ ಮುಜುಗರಪಟ್ಟುಕೊಳ್ಳುತ್ತಿದ್ದರು. ನಾನು ಹೆಸರು ಹಿಡಿದು ಕರೆಯಲಾರದೆ, ಅವರು ನನ್ನತ್ತ ತಿರುಗುವವರೆಗೂ ಕಾಯುತ್ತಿದ್ದೆ.

ಬೈಠಕ್ ಕೋಣೆಯ ನಡುವೆ ಗಾಜಿನ ಬಾಗಿಲಿನ ಕಟ್ಟಿಗೆಯ ಒಲೆ. ಬಿಸಿನೀರಿನ ಕೊಳವೆಗಳಿಂದ ಮನೆ ಮೊದಲೇ ಬೆಚ್ಚಗಿತ್ತು. ಒಲೆ ಬರೀ ಶೋಭೆಗೆ. ಎಲ್ಲರೂ ಅದರೆದುರು ಆರತಿಗೆ ನಿಂತವರ ಹಾಗೆ ನಿಂತಿದ್ದರು.

“ಇದರ ಮಸಿ ಎಲ್ಲಿಗೆ ಹೋಗುತ್ತದೆ?” ಎಂದೆ.

“ಮೇಲೆ.”

“ಮೇಲೆ ಹೋಗಿ?”

ಪ್ರೊಫೆಸರು ನಕ್ಕರು. “ನಿಮ್ಮ ಭಟ್ಟಿ ದಿನವಿಡೀ ಉರಿಯುತ್ತದೆ. ಇದು ಸಂಜೆಗೆ ಮಾತ್ರ.”

“ನಮ್ಮ ಭಟ್ಟಿಯಿಂದ ತಿನ್ನಲು ಏನಾದರೂ ಹೊರಬರುತ್ತದೆ. ಇದರಿಂದ?”

ಊಟಕ್ಕೆ ಬಂದಿದ್ದ ಯೋನಾಸ್ ಕೈಯಲ್ಲಿದ್ದ ಚಹಾದ ಬಟ್ಟಲಿನೊಳಗೆ ಮುಖ ಇಳಿಸಿದ. ಊಟಕ್ಕೆ ಬೇಯಿಸಿದ ಆಲೂಗಡ್ಡೆ ಮತ್ತು ಜಾಳಿಗೆಯಂಥ ತೂತು ತೂತಿನ ಚೀಸು ಬಂತು. ಪ್ರೊಫೆಸರರ ಮಗಳು, ಸಣ್ಣ ಹುಡುಗಿ, ಚೀಸಿನ ಚೂರನ್ನು ಕಣ್ಣಿಗೆ ಹಿಡಿದು ತೂತಿನಿಂದ ನನ್ನನ್ನು ನೋಡಿದಳು. ಆಮೇಲೆ ಸ್ವಲ್ಪ ಸರಿಸಿದಳು. ಈಗ ಅವಳಿಗೆ ಕಂಡದ್ದು ಬರೀ ಚೀಸು.

ನಾನು ಊಟ ಮುಗಿಸಿದೆನೋ ಬಿಟ್ಟೆನೋ ನೆನಪಿಲ್ಲ. ತಲೆಯಲ್ಲಿ ನಮ್ಮ ಜಾಳಿಗೆ ಓಡುತ್ತಿತ್ತು. ಮಸಿಯನ್ನು ಯಂತ್ರದೊಳಗೆ ಹಾಗೇ ಸುರಿಯುವುದಿಲ್ಲ. ಹೆಸರುಕಾಳಿನಷ್ಟು ಅಗಲದ ಒಂದು ತಾಮ್ರದ ಜಾಳಿಗೆ ಇರುತ್ತದೆ. ಅದರ ಮೇಲೆ ತೂತು ತೂತಾದ ಒಂದು ತೆಳುಪೊರೆ. ಮಸಿ ಕೂರುವುದು ಆ ಪೊರೆಯ ಮೇಲೆ. ತೂತಿನ ಅಂಚಿನಲ್ಲಿ ನೇತಾಡುವ ಕಣವನ್ನು ಅಳೆದರೆ ಕಾಣುವುದು ಮಸಿ ಮಾತ್ರ. ಪೊರೆಯ ಮೇಲೆಯೇ ಕೂತದ್ದನ್ನು ಅಳೆದರೆ ಅದರ ಜೊತೆಗೆ ಕೆಳಗಿನ ಪೊರೆಯೂ ಕಾಣುತ್ತದೆ. ಆ ಪೊರೆ ಯಾವುದರದ್ದು? ಅದೂ ಇಂಗಾಲದ್ದೇ. ಅದರೊಳಗೂ ಗೆರೆಗಳಿವೆ. ಗಿಡ್ಡ, ಸೊಟ್ಟ ಗೆರೆಗಳು.

ಮತ್ತೆ ನೆಲಮಾಳಿಗೆ

“ಮಸಿಯೇ ಇಲ್ಲದ ಜಾಗ ಅಳೆದು ತೋರಿಸು,” ಎಂದೆ ಯೋನಾಸ್‌ಗೆ.

“ಮಸಿ ಇಲ್ಲದ ಜಾಗದಲ್ಲಿ ಏನಿರುತ್ತದೆ?”

“ಏನೂ ಇಲ್ಲದಿದ್ದರೆ ನಿನ್ನ ಕಂಪ್ಯೂಟರು ‘ಏನೂ ಇಲ್ಲ’ ಅನ್ನಬೇಕು.”

ಇಷ್ಟು ವರ್ಷ ಯಾರೂ ಕೇಳದಿದ್ದ ಪ್ರಶ್ನೆಯೇನಲ್ಲ ಇದು. ತೂತಿನ ಮೇಲೆಯೇ ಅಳೆಯಬೇಕೆಂದು ಈ ವಿದ್ಯೆಯ ಪ್ರತಿಯೊಬ್ಬನೂ ಮೊದಲ ವಾರವೇ ಕಲಿಯುತ್ತಾನೆ. ಯೋನಾಸ್ ಕೂಡ ಕಲಿತಿದ್ದ. ಆದರೆ ಕಣ್ಣು ಅಂದದ ಹಿಂದೆ ಹೋಯಿತು. ಬಸ್ಸಿನ ಮಸಿ ದಟ್ಟವಾಗಿ ಗೊಂಚಲುಗಟ್ಟಿ ತೂತುಗಳ ಮೇಲೆ ಜೋತುಬಿದ್ದಿತ್ತು. ಉಳಿದೆರಡು ಮಸಿ ತೆಳುವಾಗಿ ಪೊರೆಯ ಮೇಲೆ ಚೆದುರಿದ್ದವು, ಒಂಟಿಯಾಗಿ, ಚಂದವಾಗಿ. ಅವನು ಚಂದ ಕಂಡದ್ದನ್ನು ಅಳೆದ.

ಬರೀ ಪೊರೆಯ ಚಿತ್ರ ತೆಗೆದ. ಕಂಪ್ಯೂಟರು ತೊಳೆಯಿತು, ತೆಳುವಾಗಿಸಿತು, ಅಳೆಯಿತು. ಪರದೆಯ ಮೇಲೆ ತೀರ್ಪು ಮೂಡಿತು: ಭಟ್ಟಿ.

ಒಂದು ಕಣ ಮಸಿಯೂ ಇಲ್ಲದ ಕಡೆ ನಮ್ಮ ಕಾಕಾ ಸಿಕ್ಕಿಬಿದ್ದಿದ್ದರು! ಯೋನಾಸ್ ಮತ್ತೊಂದು ಚಿತ್ರ ತೆಗೆದ. ಭಟ್ಟಿ. ಇನ್ನೊಂದು. ಭಟ್ಟಿ. ನಾನು ಜೋರಾಗಿ ನಕ್ಕೆ, ಚಿತ್ರ ನಡುಗಿತು, ಅವನು ಈ ಸಲ ಸುಮ್ಮನಿರು ಎನ್ನಲಿಲ್ಲ. ಎರಡು ಭಾವಚಿತ್ರಗಳು ಒಂದೇ ಗೋಡೆಯ ಮುಂದೆ ತೆಗೆದವೆಂದು ಆ ಇಬ್ಬರನ್ನೂ ಅಣ್ಣತಮ್ಮಂದಿರು ಅಂದ ಹಾಗಾಗಿತ್ತು.

ಪ್ರೊಫೆಸರು ಬಂದು ಚಿತ್ರಗಳನ್ನು ಒಂದೊಂದಾಗಿ ಎರಡೆರಡು ಸಲ ನೋಡಿದರು. ಕೊನೆಗೆ, “ಎಲ್ಲವನ್ನೂ ಮತ್ತೊಮ್ಮೆ ಮಾಡಿ. ತೂತಿನ ಮೇಲಿನದ್ದು ಮಾತ್ರ. ಯಾವುದು ಯಾವ ಮಸಿ ಎಂದು ಆರಿಸುವವನಿಗೆ ತಿಳಿಯಬಾರದು,” ಎಂದರು. ನಮ್ಮ ಸಂಸ್ಥೆಯಲ್ಲಾಗಿದ್ದರೆ ಮೊದಲು ನನ್ನ ಶಿಸ್ತಿನ ಬಗ್ಗೆ ಒಂದು ಸಭೆ ಆಗುತ್ತಿತ್ತು. ಇಷ್ಟು ಮಟ್ಟಿಗೆ ಜರ್ಮನಿಗೆ ಒಂದು ಅಂಕ ಕೊಡುತ್ತೇನೆ.

ಮತ್ತೆ ಅಳೆದಾಗ ಬಸ್ಸು, ಭಟ್ಟಿ, ಮಾಳಿಗೆ ಮೂರೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾದವು. ಗೆರೆಗಳಿಂದ ಯಾರನ್ನೂ ಹಿಡಿಯಲಾಗದು, ಯಾರನ್ನೂ ಬಿಡಲಾಗದು. ಕಾಕಾನ ಮೇಲಿನ ಆರೋಪ ಬಿದ್ದಿತ್ತು. ಗೆದ್ದವಳ ಗತ್ತಿನಲ್ಲಿ ಚೀಲ ಕಟ್ಟಲು ಹೊರಟೆ.

“ಒಂದು ನಿಮಿಷ,” ಎಂದು ಯೋನಾಸ್ ಕಾರಿಡಾರಿಗೆ ಕರೆದ. ಈ ಸಲ ಜಗಳದ ಸರದಿ ಅವನದು. ಅದೇ ಯಂತ್ರ ಕಣದಲ್ಲಿ ಯಾವ ಯಾವ ಮೂಲವಸ್ತುಗಳಿವೆ ಎಂದೂ ತೋರಿಸುತ್ತದೆ. ಕಾಕಾನ ಶೀಶೆಯ ಮಸಿಯಲ್ಲಿ ಸತು ಇತ್ತು, ಗಂಧಕ ಇತ್ತು. “ನಿನ್ನ ಚಿಕ್ಕಪ್ಪ ಸುಡುವುದು ಭತ್ತದ ಹೊಟ್ಟು ಮಾತ್ರ ಅಂದೆಯಲ್ಲ?”

“ಮಾತ್ರ.”

“ನಿಮ್ಮಲ್ಲಿ ಭತ್ತ ರಬ್ಬರಿನ ಗಿಡದಲ್ಲಿ ಬೆಳೆಯುತ್ತದಾ?”

ರಬ್ಬರು ಗಟ್ಟಿಯಾಗಲು ಸತು, ಗಂಧಕ ಎರಡನ್ನೂ ಬೆರೆಸುತ್ತಾರೆ. ಮಾಳಿಗೆಯ ಮಸಿಯಲ್ಲೂ ಅಷ್ಟಿಷ್ಟು ಸತು ಇತ್ತು. ಅದಕ್ಕೆ ರಸ್ತೆಯ ಟಯರು ಸವೆದ ಧೂಳು, ತಗಡು, ಬಣ್ಣ ಎಂದು ನಾನು ಹತ್ತು ಉತ್ತರ ಕೊಡಬಲ್ಲೆ, ಕೊಟ್ಟೆ ಕೂಡ. ಆದರೆ ಶೀಶೆಗೆ ಇದ್ದದ್ದು ದೇವರಾಣೆಯೊಂದೇ.

ಬೇಗಂ ಬಜಾರ್

ಕಾಕಾ ಗಲ್ಲೆಯ ಮೇಲೆ ಕೂತು ಪುಟಾಣಿ ತೂಗಿಸುತ್ತಿದ್ದರು. ನನ್ನನ್ನು ಕಂಡವರೇ, “ಬಂದಳು ನೋಡ್ರಿ ನಮ್ಮ ವಕೀಲಸಾನಿ! ಏನಂತೈತಿ ಜರ್ಮನಿ?” ಎಂದು ಪೂರಾ ಗಲ್ಲಿಗೆ ಕೇಳುವಂತೆ ಕೂಗಿದರು.

“ಮೊದಲ ತೂತು ಬಿಟ್ಟು ಜಾಳಿಗಿ ಮ್ಯಾಲಿಂದು ಅಳದು ತಪ್ಪಿತ್ರಿ. ಈಗ ಗೆರಿ ನೋಡಿ ಭಟ್ಟಿ ಅಂತ ಹೇಳಾಕ ಬರೂದಿಲ್ಲ ಅಂತೈತ್ರಿ.”

“ಹಾಂ! ನಾ ಏನ್ ಹೇಳಿದ್ದೆ?”

“ಮತ್ತ ನೀವು ರಬ್ಬರ್ ಸುಡತೀರಿ ಅಂತನೂ ಹೇಳತೈತಿ.”

ತಕ್ಕಡಿ ಅಲ್ಲೇ ನಿಂತಿತು. ಕಾಕಾ ನನ್ನನ್ನು ಗೋಣಿಚೀಲಗಳ ಸಂದಿಗೆ ಕರೆದೊಯ್ದರು.

“ಟಯರ್ ಅಲ್ಲವಾ. ಟ್ಯೂಬು. ಸೈಕಲ್ ಟ್ಯೂಬು. ಅದೂ ಮಳಿಗಾಲದಾಗ ಅಷ್ಟ. ಹೊಟ್ಟು ಹಸಿ ಆಗಿರತೈತಿ, ಹೊತ್ತೂದಿಲ್ಲ. ಬೆರಳಿನಷ್ಟು ಟ್ಯೂಬು ಒಗದರ ಭಗ್ ಅಂತ ಹಿಡಿತೈತಿ. ನಮ್ಮಪ್ಪನ ಕಾಲದಿಂದ ಮಾಡಾಕತ್ತೀವಿ.”

“ಕಲಬೆರಕಿ ಇಲ್ಲ ಅಂತ ಆಣಿ ಮಾಡಿದ್ರಲ್ರಿ.”

“ಸುಡೂದು ಬ್ಯಾರೆ, ಹೊತ್ತಸೂದು ಬ್ಯಾರೆ! ದೀಪ ಹಚ್ಚಾಕ ಕಡ್ಡಿ ಗೀರಿದ್ರ, ನೀ ಕಡ್ಡಿ ಉರಸಾಕತ್ತಿ ಅಂತಾರೇನ? ದೀಪ ಹಚ್ಚಾಕತ್ತಿ ಅಂತಾರ.”

ಚರ್ಚಾಸ್ಪರ್ಧೆಗಳಲ್ಲಿ ನನಗೆ ಇಂಥ ಎದುರಾಳಿ ಸಿಕ್ಕಿರಲಿಲ್ಲ.

“ಸಭೆಯಾಗ ಎರಡೂ ಹೇಳತೀನ್ರಿ,” ಎಂದೆ.

“ಮೊದಲನೇದು ಹೇಳು. ಎರಡನೇದು ನುಂಗು. ಮನಿ ಮಗಳು ನೀ.”

“ಅವರ ತಪ್ಪು ಹಿಡದು ನಮ್ಮದು ಮುಚ್ಚಿದ್ರ, ನಾಳೆ ನನ್ನ ಮಾತು ಯಾರು ನಂಬತಾರ್ರಿ? ನೀವ ನಂಬೂದಿಲ್ಲ.”

ಕಾಕಾ ಪಕ್ಕದ ಗೋಣಿಚೀಲದ ಬಾಯಿ ಬಿಗಿದು ಕಟ್ಟಿದರು. “ಆ ಮಶೀನಿಗೆ ನನ್ನ ಬೆರಳಿನಷ್ಟು ಟ್ಯೂಬು ಕಂಡಿತು, ತನ್ನ ಕಾಲಾಗಿನ ಜಾಳಿಗಿ ಕಾಣಲಿಲ್ಲೇನ?” ಎಂದರು. ನಾನು ಹೇಳಬೇಕಿದ್ದುದನ್ನು ಇಷ್ಟು ಚೊಕ್ಕವಾಗಿ ನಾನೇ ಹೇಳಿರಲಿಲ್ಲ.

ಸಭೆ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ನಡೆಯಿತು. ಎರಡೂ ಹೇಳಿದೆ. ಮೂರ್ತಿಗಾರು ಅವರಿಗೆ ಮೊದಲನೆಯದು ಕೇಳಿಸಲೇ ಇಲ್ಲ. “ಚೂಶಾರಾ? ಟ್ಯೂಬಂಟ!” ಎಂದು ಎಲ್ಲರತ್ತ ತಿರುಗಿದರು. ನೋಡಿದಿರಾ, ಟ್ಯೂಬಂತೆ! ಕಾಕಾ ಎದ್ದು ನಿಂತರು.

“ಹೌ, ಜಲಾಯಾ ಮೈಂ ಟ್ಯೂಬ್. ಅಬ್ ನಹೀ ಜಲಾತಾ. ಆಪ್ ಕಾ ಜನರೇಟರ್ ಕ್ಯಾ ದೂಧ್ ಪೀತಾ?”

ಕರೆಂಟು ಹೋದಾಗಲೆಲ್ಲ ಆ ಅಪಾರ್ಟ್‌ಮೆಂಟಿನ ಜನರೇಟರು ಭಟ್ಟಿಯ ಕಡೆಗೇ ಹೊಗೆ ಉಗುಳುತ್ತದೆ. ಟ್ಯೂಬು ಸುಟ್ಟದ್ದು ಹೌದು, ಇನ್ನು ಸುಡುವುದಿಲ್ಲ, ಆದರೆ ಅದೇನು ಹಾಲು ಕುಡಿದು ಓಡುತ್ತದೆಯೇ ಎಂದು ಕಾಕಾ ಕೇಳಿದ್ದಕ್ಕೆ ಎಲ್ಲರ ಕಣ್ಣೂ ಜನರೇಟರಿನ ಕಡೆ ತಿರುಗಿತು. ಭಟ್ಟಿ ಉಳಿಯಿತು, ಎರಡು ಷರತ್ತಿನ ಮೇಲೆ: ಭಟ್ಟಿಗೆ ಟ್ಯೂಬು ಒಗೆಯಬಾರದು, ಜನರೇಟರಿನ ಮಸಿಯನ್ನೂ ಹಿಡಿದು ಅಳೆಯಬೇಕು.

ಉಪ್ಪಲ್, ಮಳೆಗಾಲ

ಆಮೇಲೆ ಕಾಕಾ ನನ್ನೊಡನೆ ಮಾತು ಬಿಟ್ಟರು. ಮನೆಗೆ ಬಂದರೆ, “ನಿನ್ನ ಮಗಳಿಗೆ ಹೇಳು,” ಎಂದು ಅವ್ವನ ಮೂಲಕ ಮಾತಾಡುತ್ತಿದ್ದರು, ನಾನು ಅಲ್ಲೇ ಕೂತಿದ್ದರೂ.

ಜುಲೈನ ಒಂದು ಬೆಳಗ್ಗೆ ಕಾಕಾನ ಫೋನು ಬಂತು. “ಬಾ ಇಲ್ಲಿ. ಈಗಿಂದೀಗ.” ಇಷ್ಟೇ.

ಓಡಿದೆ. ಭಟ್ಟಿಯ ಸುತ್ತ ದಟ್ಟ ಬಿಳಿ ಹೊಗೆ. ನೆನೆದ ಹೊಟ್ಟು ಹೊತ್ತಿಕೊಳ್ಳದೆ ಮುಂಜಾನೆಯಿಂದ ಬುಸುಗುಟ್ಟುತ್ತಿತ್ತು. ಟ್ಯೂಬಿದ್ದಾಗ ಭಗ್ಗೆಂದು ಹಿಡಿದು ಮುಗಿಯುತ್ತಿದ್ದ ಕೆಲಸ. ಎದುರಿನ ಬಾಲ್ಕನಿಗಳಲ್ಲಿ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಕಾಕಾ ಊದುಕೊಳವೆ ಹಿಡಿದು ಕೂತಿದ್ದರು. ಕಣ್ಣು ಕೆಂಪು, ಕೆಮ್ಮು, ಮೈಯೆಲ್ಲ ಬೂದಿ.

“ನೋಡವಾ,” ಎಂದರು, ತಿಂಗಳುಗಳ ನಂತರ ಮುಖ ಕೊಟ್ಟು ನನಗೇ. “ಟ್ಯೂಬು ಬಿಟ್ಟೀನಿ. ಹೊಗಿ ದುಪ್ಪಟ್ಟಾಗೇತಿ. ಇದನ್ನೂ ಬರಕೋ ನಿನ್ನ ಪೇಪರಿನಾಗ.”

ಟ್ಯೂಬಿನ ಹೊಗೆ ವಿಷ, ಹೊಟ್ಟಿನ ಹೊಗೆ ಬರೀ ಹೊಗೆ ಎಂದು ಶುರುಮಾಡಿದೆ. ಎರಡು ಮಾತು ಮುಗಿಯುವಷ್ಟರಲ್ಲಿ ಕೆಮ್ಮು ಬಂದು ವಾದ ಅಲ್ಲಿಗೇ ನಿಂತಿತು. ಹೊಟ್ಟಿಗೆ ಒಂದು ಒಣ ಶೆಡ್ಡು ಬೇಕು ಎಂದೆ ಕೊನೆಗೆ. ಅದಕ್ಕೆ ಜರ್ಮನಿಗೆ ಹೋಗಬೇಕಿತ್ತೇನು ಎಂದು ಕಾಕಾ ಕೇಳಲಿಲ್ಲ. ಮುಖ ನೋಡಿದರೆ ಸಾಕಿತ್ತು.

ಚೀಲದಿಂದ ಒಂದು ಹೊಸ ಜಾಳಿಗೆ ತೆಗೆದು, ಚಿಮಟಿಯಲ್ಲಿ ಹಿಡಿದು, ಹೊಗೆಯೊಳಗೆ ಕೈ ಚಾಚಿ ನಿಂತೆ. ಹೆಸರುಕಾಳಿನಷ್ಟು ಜಾಳಿಗೆ, ಆನೆಯಷ್ಟು ಹೊಗೆ. ಕಾಕಾ ಊದುವುದನ್ನು ಬಿಟ್ಟು ಕಣ್ಣೊರೆಸಿಕೊಂಡು ನೋಡಿದರು.

“ಹಿಡಿ, ಹಿಡಿ. ತೂತಿನ ಮ್ಯಾಲೆ ಬೀಳುವಂಗ ಹಿಡಿ,” ಎಂದರು. “ಇಲ್ಲಾಂದ್ರ ಮತ್ತ ನನ್ನ ಹೆಸರ ಬರತೈತಿ.”